ಸಾವಕಾರರು ಹವಾ ತೆಗೆದುಕೊಳ್ಳಲು ಹೋದದ್ದು

ಮೂವತ್ತರ ದಶಕದ ಹುಬ್ಬಳ್ಳಿಯಲ್ಲಿ ಸಿದ್ದಲಿಂಗಪ್ಪ ಸಾವಕಾರರು ಯಾವ ಊರಿನ ಹತ್ತಿಯನ್ನು ಮುಟ್ಟಿದರೆ ಆ ಊರಿನ ಹತ್ತಿಗೆ ದರ ಏರುತ್ತಿತ್ತು. ಪೇಟೆಯಲ್ಲಿ ಅವರ ಕಣ್ಣಿಗೆ ಅಷ್ಟು ಬೆಲೆ. ಆದರೆ ವರ್ಷಾನುಗಟ್ಟಲೆ ಅರಳೆಯ ಧೂಳಿನಲ್ಲಿ ಕುಳಿತು ಅವರ ಎದೆ ಕಟ್ಟಿತ್ತು. ಮಲಗಿದರೆ ಕೆಮ್ಮು, ಕೆಮ್ಮು ನಿಂತರೆ ವ್ಯಾಪಾರದ ಚಿಂತೆ. ನಿದ್ದೆಯೆಂಬುದು ದೂರದ ನೆಂಟನಂತೆ ಎಂದೋ ಒಮ್ಮೆ ಬಂದು ಹೋಗುತ್ತಿತ್ತು.

ಡಾಕ್ಟರ್ ತ್ರ್ಯಂಬಕರಾಯರು ಎದೆಗೆ ನಳಿಗೆ ಹಚ್ಚಿ ನೋಡಿ, ಇದಕ್ಕೆ ತಮ್ಮ ಕಪಾಟಿನಲ್ಲಿ ಔಷಧವಿಲ್ಲ ಎಂದರು. ನಸುಕಿನಲ್ಲೆದ್ದು ಉಣಕಲ್ ಕೆರೆಯವರೆಗೆ ನಡೆಯಬೇಕು, ಏರಿಯ ಮೇಲೆ ಕುಳಿತು ಬಯಲ ಗಾಳಿ ಕುಡಿಯಬೇಕು, ಅಂಗಡಿಯ ಮಾತು ಬಾಯಿಗೆ ಬರಕೂಡದು ಎಂದು ಕಟ್ಟುನಿಟ್ಟು ಮಾಡಿದರು.

ಮೊದಲ ದಿನ ಹೋಗಿಬಂದ ರಾತ್ರಿ ಸಾವಕಾರರು ಮಗುವಿನಂತೆ ಮಲಗಿದರು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಡಾಕ್ಟರರು ಕೊಟ್ಟ ಗಾಳಿಯನ್ನು ಪೇಟೆ ಕೊಡಲಿಲ್ಲ. ಸಾವಕಾರರು ದಿನಾಲು ಉಣಕಲ್ಲಿನ ಕಡೆ ಹೋಗುತ್ತಾರೆಂದರೆ ಅಲ್ಲಿಯ ಹತ್ತಿ ಈ ಸಲ ಹೊನ್ನೇ ಸರಿ ಎಂದು ದಲಾಲರು ಲೆಕ್ಕ ಹಾಕಿ ಬೆನ್ನು ಹತ್ತಿದರು. ಎದುರಂಗಡಿಯ ನೀಲಕಂಠಪ್ಪನಂತೂ ಟಾಂಗಾ ಹೂಡಿಸಿಕೊಂಡು ಅವರಿಗಿಂತ ಮುಂಚೆಯೇ ಏರಿಯ ಮೇಲೆ ಹಾಜರು.

ಸಾವಕಾರರು ತಾವು ಹವಾ ತೆಗೆದುಕೊಳ್ಳಲು ಬಂದದ್ದೆಂದು ಆಣೆ ಮಾಡಿ ಹೇಳಿದರು.

"ಹವಾಕ್ಕ ಇಷ್ಟು ದೂರ ಯಾಕ್ರಿ ಸಾವಕಾರ್ರ? ನಿಮ್ಮ ಮಾಳಗಿ ಮ್ಯಾಲೆ ಗಾಳಿ ಬೀಸೂದಿಲ್ಲೇನು?" ಎಂದು ನೀಲಕಂಠಪ್ಪ ಕಣ್ಣು ಮಿಟುಕಿಸಿದ.

ವಾರ ಕಳೆಯುವುದರೊಳಗೆ ಉಣಕಲ್ಲಿನ ರೈತರು ದರ ಏರಿಸಿದರು. ಸಾವಕಾರರು ರೋಸಿ ಗಬ್ಬೂರಿನ ಹಾದಿ ಹಿಡಿದರು. ದಲಾಲರ ಹಿಂಡು ಗಬ್ಬೂರಿಗೆ ತಿರುಗಿತು. ಸಾವಕಾರರು ಶಾಲು ಮುಸುಕು ಹಾಕಿಕೊಂಡು ಓಣಿ ಓಣಿ ಸುತ್ತಿ ಹೋದರು; ಗುಟ್ಟಿನ ವ್ಯಾಪಾರವೇ ಇರಬೇಕೆಂದು ಹಿಂಡು ಇಮ್ಮಡಿಯಾಯಿತು. ಕಡೆಗೆ ಅವರು ನಡೆಯುವುದನ್ನೇ ಬಿಟ್ಟರು. ಕೆಮ್ಮು ಮರಳಿ ಬಂದಿತು, ನಿದ್ದೆ ಹೋಯಿತು. ಉಣ್ಣುವ ತಾಟು ದೂಡುವುದು, ಆಳುಗಳ ಮೇಲೆ ಹರಿಹಾಯುವುದು ನಡೆದೇ ಇತ್ತು.

ಹೆಂಡತಿ ಚನ್ನಬಸವ್ವ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ನಸುಕಿನಲ್ಲಿ ಸೆರಗು ಹೊದ್ದು ಬಾಗಿಲಲ್ಲಿ ನಿಂತಳು.

"ನಡೀರಿ, ನಾನೂ ಬರ್ತೇನಿ. ಹೇಣ್ತೀನ ಕರಕೊಂಡು ಹತ್ತಿ ನೋಡಾಕ ಹೋದ ಸಾವಕಾರನ್ನ ಯಾರರ ನೋಡ್ಯಾರೇನು?"

"ಮಂದಿ ನಗತಾರ."

"ನಗಲಿ ಬಿಡ್ರಿ. ನಕ್ಕವರು ಬೆನ್ನು ಹತ್ತಂಗಿಲ್ಲ."

ಸಾವಕಾರರು ಸಿಡಿಮಿಡಿಗೊಳ್ಳುತ್ತಲೇ ಹೊರಟರು. ಗಂಡಹೆಂಡತಿ ಕೆಲಸವಿಲ್ಲದೆ ಸುಮ್ಮನೆ ತಿರುಗಾಡಲು ಹೋಗುವುದನ್ನು ಆ ಓಣಿ ಕಂಡಿರಲಿಲ್ಲ. ದಲಾಲರೊಂದಿಗೆ ಅಂಗಡಿಯ ಕಟ್ಟೆಯ ಮೇಲಿದ್ದ ನೀಲಕಂಠಪ್ಪ ಬಾಯಿಗೆ ಟವಲು ಅಡ್ಡ ಹಿಡಿದು ನಕ್ಕನೇ ಹೊರತು ಕುಳಿತಲ್ಲಿಂದ ಏಳಲಿಲ್ಲ. ದಲಾಲರೂ ಏಳಲಿಲ್ಲ. ನಾಚಿಕೆಯಿಂದ ಸಾವಕಾರರು ದಾಪುಗಾಲು ಹಾಕಿದರು. ಚನ್ನಬಸವ್ವ ಮಾತ್ರ ಹೊಲದ ಕುಸುಬಿ ನೋಡುತ್ತ, ಹಕ್ಕಿ ನೋಡುತ್ತ ನಿಧಾನವಾಗಿ ನಡೆದಳು. ಅಡುಗೆಮನೆಯ ಹೊಗೆ ಬಿಟ್ಟು ಅವಳಾದರೂ ಎಷ್ಟು ವರ್ಷಕ್ಕೆ ಹೊರಬಿದ್ದಿದ್ದಳೋ.

ಉಣಕಲ್ ಕೆರೆಯ ಏರಿಯ ಮೇಲೆ ತಂಗಾಳಿ ಬೀಸುತ್ತಿತ್ತು. ಲಗೂ ಹೋಗೋಣ, ಅಂಗಡಿ ತೆರೆಯಬೇಕು ಎಂದು ಗೊಣಗುತ್ತಲೇ ಸಾವಕಾರರು ಬೇವಿನ ಮರಕ್ಕೆ ಬೆನ್ನು ಕೊಟ್ಟರು. ಗೊಣಗಾಟ ಅರ್ಧಕ್ಕೇ ನಿಂತಿತು. ಚನ್ನಬಸವ್ವ ತಿರುಗಿ ನೋಡಿದರೆ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಅವರಿಗೆ ಎಚ್ಚರವಾದಾಗ ಬಿಸಿಲು ಮೊಣಕಾಲಿಗೆ ಬಂದಿತ್ತು. ಅವರು ಧಡಪಡಿಸಿ ಎದ್ದು ಪೇಟೆಯಲ್ಲಿ ಹತ್ತಿ ಹರಾಜಿನ ಸವಾಲು ಮುಗಿದೇ ಹೋಗಿರಬೇಕು, ಎಬ್ಬಿಸಬಾರದಿತ್ತೇ ಎಂದು ಹರಿಹಾಯ್ದರು.

"ನಿಮ್ಮನ್ನ ಎಬ್ಬಸಾಕ ಬಂದಿಲ್ರಿ ನಾ," ಎಂದಳು ಚನ್ನಬಸವ್ವ, ಕಾಲು ಚಾಚಿಕೊಂಡು. "ಕೂಡ್ರಿ ಇನ್ನೊಂದೀಟು. ನನ್ನ ಹವಾ ಇನ್ನೂ ಮುಗದಿಲ್ಲ."

ಸಾವಕಾರರು ಪೇಟೆಯ ದಿಕ್ಕಿಗೊಮ್ಮೆ ನೋಡಿದರು, ಹೆಂಡತಿಯ ಕಡೆಗೊಮ್ಮೆ ನೋಡಿದರು. ಆಮೇಲೆ ಮುಖ ಗಂಟಿಕ್ಕಿಕೊಂಡೇ ಕುಳಿತರು.