ಆಡಿನ ಚಿತ್ರದ ಬಾಟಲಿ

ಬಿಯರ್ ಅಂದರೆ ತಣ್ಣಗಿದ್ದರೆ ಸಾಕು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಣ್ಣಗಿರುವುದೇ ಬೇಕಿದ್ದರೆ ಹೋಗಿ ಬರ್ಫ ಚೀಪಿರಿ ಮಾರಾಯ್ರೇ, ಯಾರು ಬೇಡ ಅಂದವರು? ನಾನು ಹೇಳುತ್ತಿರುವುದು ಬಾಕ್ ಎಂಬ ಕಪ್ಪು ಜರ್ಮನ್ ಬಿಯರಿನ ಮಾತು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಕೆಂಪಗಾಗುವ ತನಕ ಕಾಯಿಸಿ, ಅದರಿಂದ ಮಾಡಿದ್ದನ್ನು ತಿಂಗಳುಗಟ್ಟಲೆ ತಂಪು ಕೋಣೆಯಲ್ಲಿ ಸುಮ್ಮನೆ ಮಲಗಿಸಿಡುತ್ತಾರೆ. ಅಷ್ಟು ತಾಳ್ಮೆಯಿಂದ ಮಾಡಿದ್ದನ್ನು ಗಟಗಟ ಇಳಿಸಿ ಮೀಸೆ ಒರೆಸಿಕೊಳ್ಳುವವನ ಜೊತೆ ನಾನು ಕೂರುವುದಿಲ್ಲ.

ನಾನು ಕೂರುವುದು ಇಬ್ಬರ ಜೊತೆ ಮಾತ್ರ. ಒಬ್ಬ ಜೇವರ್ಗಿಯ ವಕೀಲ, ಇನ್ನೊಬ್ಬ ಅಫಜಲಪುರದ ಕಾಲೇಜು ಮಾಸ್ತರ. ನಾನು ಆಳಂದದಲ್ಲಿ ಬೀಜ, ಗೊಬ್ಬರ, ದನಕರುಗಳ ಔಷಧ ಮಾರುವವನು. ಮೂವರೂ ಒಂದೇ ಹಾಸ್ಟೆಲಿನಲ್ಲಿ ನೀರುಸಾರು ಉಂಡವರು. ವಕೀಲ ಬೆಂಗಳೂರಿಗೆ ಹೋದಾಗ ಎರಡು ಬಾಟಲಿ ತರುತ್ತಾನೆ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಮಧ್ಯಾಹ್ನ ಮಾಸ್ತರನ ಮಾಳಿಗೆ ಕೋಣೆಯಲ್ಲಿ, ಚಹಾದ ಗಾಜಿನ ಗ್ಲಾಸುಗಳಲ್ಲಿ, ನಮ್ಮ ಕೂಟ ನಡೆಯುತ್ತದೆ. ಮೊದಲು ಸ್ಟೀಲ್ ಲೋಟವಿತ್ತು. ಬಣ್ಣ ಕಾಣುವುದಿಲ್ಲ ಎಂದು ವಕೀಲ ತಕರಾರು ತೆಗೆದ ಮೇಲೆ ಗಾಜು ಬಂತು. ಇದನ್ನು ಬಹಳ ತಣ್ಣಗೆ ಕುಡಿಯಬಾರದು, ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಕಾಯಬೇಕು ಎಂದು ಮಾಸ್ತರ ಎಲ್ಲಿಯೋ ಓದಿ ಬಂದಿದ್ದ. ಹಾಗೆ ಓದಿದ್ದು ಮೇ ತಿಂಗಳಲ್ಲಿ. ನಾವು ಕಾದೆವು. ಕಾಯುತ್ತಿದ್ದಂತೆ ಅದು ಚಹಾ ಆಯಿತು.

ರುಚಿ ಹೇಳುವುದಕ್ಕೂ ನಮ್ಮಲ್ಲಿ ಒಂದು ಕಾಯಿದೆ ಇದೆ. ವಕೀಲ ಒಮ್ಮೆ ಟಾಫಿ, ಪ್ಲಮ್ಮು ಎಂದು ಏನೇನೋ ಹೇಳಲು ಶುರು ಮಾಡಿದ. ನನಗೆ ರೇಗಿತು. "ಪ್ಲಮ್ ಯಾವಾಗ ತಿಂದೀದಿಲೇ ನೀ? ನಿಮ್ಮಪ್ಪ ತಿಂದಾನೇನು?" ಎಂದೆ. ಅಂದಿನಿಂದ ನಮ್ಮ ಮೂರು ತಾಲೂಕಿನಲ್ಲಿ ತಿನ್ನಲು ಸಿಗುವುದರ ಹೆಸರನ್ನು ಮಾತ್ರ ಹೇಳಬೇಕು. ಮಾಸ್ತರನಿಗೆ ಅದರಲ್ಲಿ ಶೇಂಗಾ ಹೋಳಿಗೆ ಸಿಗುತ್ತದೆ. ನನಗೆ ಮೊದಲು ಸಿಗುವುದು ಹಂಚಿನ ಮೇಲೆ ಅಂಚು ಕಂದಿದ ಸಜ್ಜೆ ರೊಟ್ಟಿ, ಆಮೇಲೆ ಹಿಂದಿನಿಂದ ನಿಧಾನಕ್ಕೆ ಬರುವ ಬೆಲ್ಲ. ವಕೀಲನಿಗೆ ಪ್ರತಿ ಸಲವೂ ನಾವಿಬ್ಬರು ಹೇಳಿದ್ದು ತಪ್ಪೆನಿಸುತ್ತದೆ. ಅವನ ಕಸುಬೇ ಅದು.

ಇಷ್ಟೆಲ್ಲ ಶೂರತನ ಅಫಜಲಪುರದ ಮಾಳಿಗೆಯ ಮೇಲೆ ಮಾತ್ರ. ಹಿರೋಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ನಾನು ಆರು ವರ್ಷದವನಿದ್ದಾಗ ಅವ್ವ ತೀರಿಕೊಂಡಳು, ಸಾಕಿದ್ದು ಅತ್ತೆಯೇ. ಅವಳ ಗಂಡ, ನನ್ನ ಮಾಮ, ಶೆರೆ ಕುಡಿದು ಕುಡಿದೇ ಸತ್ತ. ಅವನ ದಿನ ಕರ್ಮ ಮುಗಿದ ದಿನ ಅತ್ತೆ ನನ್ನ ಅಂಗೈಯಲ್ಲಿ ವಿಭೂತಿ ಗಟ್ಟಿ ಇಟ್ಟು, ಜೀವಮಾನದಲ್ಲಿ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡಳು. ನನಗೆ ಆಗ ಹದಿನೈದು. ಈಗ ಐವತ್ತೆರಡು. ತಲೆ ಬೆಳ್ಳಗಾದರೂ ಹೇಳುತ್ತೇನೆ: ಈ ಲೋಕದಲ್ಲಿ ನಾನು ಹೆದರುವುದು ಅವಳೊಬ್ಬಳಿಗೆ. ಅವಳು ಬೈಯುತ್ತಾಳೆಂದಲ್ಲ, ನನ್ನ ಮೇಲಿನ ನಂಬಿಕೆ ಅವಳಿಗೆ ಹೋದೀತೆಂದು.

ಹೋದ ವರ್ಷ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ವಕೀಲ ಆಳಂದದ ಕೋರ್ಟಿಗೆ ಬಂದವನು ಒಂದು ಬಾಟಲಿ ಕೊಟ್ಟು, ಮುಂದಿನ ಭಾನುವಾರಕ್ಕೆ ಜೋಪಾನ ಮಾಡು ಎಂದ. ಮನೆಯಲ್ಲಿಟ್ಟರೆ ಮಕ್ಕಳ ಕೈಗೆ ಸಿಗುತ್ತದೆ, ಇಡುವಂತಿರಲಿಲ್ಲ. ಚೀಲದಲ್ಲಿ ಹಾಕಿಕೊಂಡು, ಹೊಲದ ಬೆಳೆಗೆ ಎಡೆಯ ಚರಗ ಚೆಲ್ಲುವ ಹಬ್ಬಕ್ಕೆಂದು ನೆಟ್ಟಗೆ ಹಿರೋಳ್ಳಿಗೆ ಹೋದೆ. ಬುದ್ಧಿ ನೋಡಿ ನನ್ನದು! ಅತ್ತೆ ನನಗೆ ಕಟ್ಟಿಕೊಡಲು ಒಣ ರೊಟ್ಟಿ ತುಂಬುತ್ತೇನೆಂದು ಚೀಲಕ್ಕೆ ಕೈ ಹಾಕಿದಳು. ಕೈಗೆ ಬಾಟಲಿ ಬಂತು. ಬಾಕ್ ಅಂದರೆ ಅವರ ಭಾಷೆಯಲ್ಲಿ ಹೋತ, ಅದಕ್ಕೇ ಬಾಟಲಿಯ ಮೇಲೆ ಆಡಿನ ಚಿತ್ರ ಹಾಕುವುದು ಅದನ್ನು ಮಾಡುವವರ ಹಳೇ ರೂಢಿ. ಕೋಡು ತಿರುವಿಕೊಂಡ ದೊಡ್ಡ ಹೋತವೊಂದು ಅತ್ತೆಯನ್ನೇ ದಿಟ್ಟಿಸುತ್ತಿತ್ತು.

"ಏನ್ಲೇ ಇದು?"

"ಆಡಿನ ಔಷಧ, ಅತ್ತಿ."

ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳಿಗೆ ಹಾಲಿನದೊಂದು ಆಡಿದೆ. ಅದನ್ನು ಮಾರುವುದಿಲ್ಲ, ಕಡಿಯಲು ಕೊಡುವುದಿಲ್ಲ, ಬೈಯುವವರನ್ನು ಬಿಡುವುದಿಲ್ಲ. "ಹಂಗಾದ್ರ ಇದು ಇಲ್ಲೇ ಇರ್ಲಿ, ನಮ್ಮ ಆಡಿಗಿ ಬೇಕಾಗ್ತದ" ಎಂದು ದೇವರ ಜಗಲಿಯ ಮೇಲಿನ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಇಟ್ಟೇಬಿಟ್ಟಳು. ರಾತ್ರಿ ಊಟಕ್ಕೆ ಕೂತರೂ ಹೋತದ ಕಣ್ಣು ನನ್ನ ಮೇಲೆಯೇ.

ಬೆಳಿಗ್ಗೆ ಎದ್ದರೆ ಮನೆಯಲ್ಲಿ ಗದ್ದಲ. ಹೊಲಕ್ಕೆ ಒಯ್ಯಲು ಮಾಡಿಟ್ಟ ಸಜ್ಜೆ ಕಡುಬಿನ ಬುಟ್ಟಿಗೆ ಆಡು ಬಾಯಿ ಹಾಕಿ ಅರ್ಧ ಬುಟ್ಟಿ ಖಾಲಿ ಮಾಡಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದು, ಕಾಲು ಚಾಚಿ ಬಿದ್ದಿತ್ತು. ಅತ್ತೆ ಆಗಲೇ ಒಳ್ಳೆಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ ಸೋತಿದ್ದಳು. "ಡಾಕ್ಟರನ ಕರಕೊಂಡು ಬಾ ಯಪ್ಪಾ" ಎಂದಳು. ಮೋಟರ್ ಸೈಕಲ್ ತೆಗೆದುಕೊಂಡು ಪಕ್ಕದ ಊರಿಗೆ ಓಡಿದೆ. ಹಬ್ಬ ನೋಡಿ, ಡಾಕ್ಟರ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿದ್ದರು. ಯಾವ ಹೊಲ ಎಂದು ಹೇಳುವವರೂ ಇರಲಿಲ್ಲ.

ತಿರುಗಿ ಬಂದು ನೋಡುತ್ತೇನೆ, ಅತ್ತೆ ಆಡಿನ ತಲೆಯನ್ನು ಮೊಣಕಾಲ ನಡುವೆ ಹಿಡಿದಿದ್ದಾಳೆ. ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಅದರ ಬಾಯಲ್ಲಿದೆ. ಪಕ್ಕದಲ್ಲಿ ಕುಡಗೋಲಿನಿಂದ ಮುಚ್ಚಳ ಹಾರಿಸಿದ ನನ್ನ ಬಾಟಲಿ, ಅರ್ಧ ಖಾಲಿ. "ಅತ್ತೀ!" ಎಂದು ಚೀರಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಚೀರಿದ್ದು ಆಡಿಗಾಗಿ ಅಲ್ಲ. ಆರು ತಿಂಗಳು ಮಲಗಿಸಿಟ್ಟಿದ್ದ ಸರಕು ಅದು!

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಆಡು ತೇಗಿತು. ಅಂಥ ತೇಗನ್ನು ನಾನು ಮನುಷ್ಯರಲ್ಲೂ ಕೇಳಿಲ್ಲ. ನಾನು ಅದರ ಮುಖದ ಹತ್ತಿರವೇ ಕೂತಿದ್ದೆ. ಮೂಗಿಗೆ ಮೊದಲು ಬಂದದ್ದು ಅಂಚು ಕಂದಿದ ಸಜ್ಜೆ ರೊಟ್ಟಿ. ಅದರಲ್ಲಿ ಕಡುಬಿನದು ಎಷ್ಟು, ಬಾಟಲಿಯದು ಎಷ್ಟು ಎಂದು ಲೆಕ್ಕ ಹಾಕುವಷ್ಟರಲ್ಲಿ ಎರಡನೆಯ ತೇಗು ಬಂತು, ಅದರಲ್ಲಿ ಬೆಲ್ಲ. ಮೂರನೆಯದಕ್ಕೆ ಆಡು ಎದ್ದು ನಿಂತು, ಸ್ವಲ್ಪ ವಾಲಿ, ನನ್ನ ಮೋಟರ್ ಸೈಕಲ್ಲಿಗೆ ಡಿಕ್ಕಿ ಹೊಡೆಯಿತು. ಔಷಧದ ಗುಣವೋ, ಮೊದಲು ಕುಡಿಸಿದ ಎಣ್ಣೆಯ ಗುಣವೋ, ಆ ದೇವರೇ ಬಲ್ಲ. ಮಧ್ಯಾಹ್ನದೊಳಗೆ ಓಣಿಯ ನಾಲ್ಕು ಮಂದಿ ಬಂದು, "ನಮಗೂ ಒಂದೊಂದು ಶೀಶೆ ತರ್ರಿ ಸಾವ್ಕಾರ" ಎಂದು ಹೇಳಿ ಹೋದರು. ನಾನು ಎಲ್ಲರಿಗೂ ಹೂಂ ಎಂದೆ.

ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಂಜೆ ಮನೆಗೆ ಬಂದು ಕೂತೆವು. ಅತ್ತೆ ಉಳಿದ ಅರ್ಧ ಬಾಟಲಿಯನ್ನು ತಂದು ಬಟ್ಟಲಿಗೆ ಸುರಿದಳು.

"ಯಾಕೋ ಮುಂಜಾನಿಂದ ನನ್ನ ಹೊಟ್ಟೀನೂ ಗಡಬಡ ಅನ್ನಾಕತ್ತದ. ಆಡಿಗಿ ಹತ್ತಿದ್ದು ನನಗ ಹತ್ತೂದಿಲ್ಲೇನು?"

ಶೆರೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಹೆಂಗಸು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಅವಳ ನೇಮ ಹೋಗುತ್ತದೆ. "ಅದು ದನಕರಿಗಿ ಮಾತ್ರ, ಅತ್ತಿ. ಮನಿಷ್ಯಾರಿಗಿ ಬ್ಯಾಡ" ಎಂದೆ.

"ಆಡಿಗಿಂತ ನಾ ನಾಜೂಕ ಏನ್ಲೇ?"

"ಕಹಿ ಇರ್ತದ."

"ಬೇವು ತಿಂದಾಕಿ ನಾ." ಬಟ್ಟಲು ಗದ್ದದ ತನಕ ಏರಿತು.

ನಾನು ಅವಳ ಮಣಿಕಟ್ಟು ಹಿಡಿದೆ. "ಶೆರೆ ಅದ ಅತ್ತಿ ಅದು. ನಂದೇ. ನಾ ಕುಡೀತೇನಿ."

ಅತ್ತೆ ಒಂದು ಹನಿ ಚೆಲ್ಲದೆ ಬಟ್ಟಲನ್ನು ಕೆಳಗಿಟ್ಟಳು. "ಗೊತ್ತದ. ಮುಚ್ಚಳ ಹಾರಿದ ಕೂಡ್ಲೇ ಗೊತ್ತಾತು. ಇಪ್ಪತ್ತೆರಡು ವರ್ಷ ಆ ವಾಸನಿ ಬಾಜೂಕ ಮಲಗೇನಿ."

"ಮತ್ತ ಆಡಿಗಿ ಯಾಕ ಹಾಕಿದಿ?"

"ಅದು ಸಾಯಾಕತ್ತಿತ್ತು. ನೀ ಇನ್ನಾ ಬಂದಿರಲಿಲ್ಲ. ಎಷ್ಟು ಕುಡೀತಿ?"

"ಮೂರು ತಿಂಗಳಿಗೊಮ್ಮೆ. ಮೂರು ಮಂದಿ ಕೂಡಿ ಎರಡು ಬಾಟ್ಲಿ."

"ಅಷ್ಟಕ್ಕ ಇಷ್ಟು ಸುಳ್ಳೇನ್ಲೇ, ಭಾಡ್ಯಾ?"

ತಲೆ ತಗ್ಗಿಸಿದೆ. ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. "ಗೊತ್ತಿದ್ರ ಬಾಯಿತನಕ ಯಾಕ ಒಯ್ದಿ?" ಎಂದು ಕೇಳಿದೆ.

ಅತ್ತೆ ಬಟ್ಟಲನ್ನು ಬದಿಗೆ ಸರಿಸಿದಳು.

"ನಿಮ್ಮ ಮಾಮಾನೂ ಹೊಟ್ಟಿ ಔಷಧ ಅಂತಿದ್ದ. ಒಂದಿನ ಅವನ ಮುಂದ ನಾನೂ ಹಿಂಗೇ ಬಟ್ಟಲ ಎತ್ತಿದೆ, ಈಗರೆ ಖರೇ ಹೇಳ್ತಾನೇನೋ ಅಂತ. ನೋಡಕೋತ ಕುಂತ, ಕೈ ಹಿಡೀಲಿಲ್ಲ. ಪೂರಾ ಕುಡಿದೆ ನಾ."