ಕನ್ನಡ ಬರೆಯಲು ಬಾರದ ಮಾಸ್ತರ

ಹುಮನಾಬಾದಿನ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ನನ್ನ ಊರು ಕಲ್ಯಾಣಿ. ಈಗ ಅದನ್ನು ಬಸವಕಲ್ಯಾಣ ಎನ್ನುತ್ತಾರೆ. ಹೆಂಡತಿ ಮಕ್ಕಳು ಅಲ್ಲೇ ಇದ್ದರು. ನಿಜಾಮರ ಕಾಲದಲ್ಲಿ ಹೈಸ್ಕೂಲಿನ ಪಾಠವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಮನೆಯಲ್ಲಿ ದಖನಿ ಉರ್ದು ಆಡುವ ನನಗೂ, ಪೇಟೆಯ ಲಿಂಗಾಯತ ಅಂಗಡಿಯವರ ಮಕ್ಕಳಿಗೂ, ಮರಾಠಿ ಮನೆಯ ಹುಡುಗರಿಗೂ ತ್ರಿಭುಜವೆಂದರೆ ಮುಸಲ್ಲಸ್, ಭಾಗಾಕಾರವೆಂದರೆ ತಕ್ಸೀಮ್. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಇನ್ನು ಮೇಲೆ ನಮ್ಮ ಶಾಲೆಯಲ್ಲಿ ಪಾಠ ಕನ್ನಡದಲ್ಲೇ ಆಗಬೇಕೆಂದು ಹುಕುಂ ಬಂತು.

ಕನ್ನಡ ನನಗೆ ಬರುತ್ತಿತ್ತು. ಓಣಿಯಲ್ಲಿ, ಸಂತೆಯಲ್ಲಿ ಹುಟ್ಟಿದಂದಿನಿಂದ ಆಡಿದ ಮಾತು ಅದು. ಆದರೆ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ಹೆಡ್‌ಮಾಸ್ತರರು, “ನಿಮಗೆ ತೊಂದರೆಯಿಲ್ಲ ತಾನೆ?” ಎಂದು ಕೇಳಿದಾಗ, “ಏನೂ ಇಲ್ರಿ” ಎಂದುಬಿಟ್ಟೆ. ಅಂದು ಸಂಜೆಯ ಮೋಟಾರಿನಲ್ಲಿ ಮನೆಗೆ ಹೋಗಿ ‘ತ್ರಿಭುಜ’ ಎಂಬ ಒಂದು ಪದವನ್ನು ಪುಸ್ತಕ ನೋಡಿ ಮಗಳ ಪಾಟಿಯ ಮೇಲೆ ತಿದ್ದಿ ತಿದ್ದಿ ಕಲಿತೆ.

ಮರುದಿನ ಒಂಬತ್ತನೇ ತರಗತಿಯಲ್ಲಿ ಖಡು ಹಿಡಿದು ಹಲಗೆಯ ಮುಂದೆ ನಿಂತೆ. ಉರ್ದುವನ್ನು ಬಲದಿಂದ ಎಡಕ್ಕೆ ಬರೆದ ಅಷ್ಟು ವರ್ಷದ ರೂಢಿ. ಕೈ ತಾನಾಗಿಯೇ ಹಲಗೆಯ ಬಲತುದಿಗೆ ಹೋಯಿತು. ಅಲ್ಲಿ ‘ತ್ರಿ’ ಬರೆದೆ. ಮುಂದಿನ ಅಕ್ಷರಕ್ಕೆ ಜಾಗವೇ ಇರಲಿಲ್ಲ. ತಡವರಿಸಿ ಅದರ ಎಡಕ್ಕೆ ‘ಭು’ ಬರೆದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ತರಗತಿ ನಕ್ಕಿತು. ನಾನು ಹಲಗೆ ಒರೆಸಿದೆ, ಕೈಗೆ ಹತ್ತಿದ ಪುಡಿಯನ್ನು ಶೇರ್ವಾನಿಗೆ ಒರೆಸಿಕೊಂಡೆ, ಗಂಟೆ ಬಾರಿಸುವ ತನಕ ಕಿಟಕಿಯ ಕಡೆ ಮುಖ ಮಾಡಿ ನಿಂತೆ.

ನಗದವನು ಒಬ್ಬನೇ. ಗೋರ್ಟಾ ಕಡೆಯ ಹುಡುಗ, ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಹಿಂದಿನ ವರ್ಷ ನಿಜಾಮರ ಪಕ್ಷದ ರಜಾಕಾರರು ಅವನ ತಂದೆಯನ್ನು ಕೊಂದಿದ್ದರು. ಶಾಲೆಗೆ ಮರಳಿದ ಮೇಲೆ ಅವನು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದ. ನಾನು ರಜಾಕಾರನಾಗಿರಲಿಲ್ಲ. ಆದರೆ ಅವರು ಊರೂರಿಗೆ ನುಗ್ಗುವಾಗ ಕೂಗಿದ ಹೆಸರು ನನ್ನ ದೇವರದು. ಅವರು ಹೋದ ಮೇಲಿನ ಗಲಭೆಯಲ್ಲಿ ಮನ್ನಾಏಖೇಳ್ಳಿಗೆಂದು ಹೊರಟ ನನ್ನ ಹೆಂಡತಿಯ ಅಣ್ಣನೂ ಮನೆಗೆ ಮರಳಲಿಲ್ಲ. ಹಾಗೆಂದು ಆ ಹುಡುಗನ ಮುಂದೆ ತಲೆ ಎತ್ತುವುದು ನನಗೆ ಸುಲಭವಾಗಲಿಲ್ಲ.

ರಜೆ ಹಾಕಿ ಕಲ್ಯಾಣಿಗೆ ಬಂದೆ. ಹೈದರಾಬಾದಿಗೆ ಹೋಗಿ ಯಾವುದಾದರೂ ಅಂಗಡಿಯಲ್ಲಿ ಗುಮಾಸ್ತನಾಗುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಬೇಡವೆನ್ನಲಿಲ್ಲ. ಅಣ್ಣನನ್ನು ಕಳೆದುಕೊಂಡವಳು, ಊರು ಬಿಡುವ ಮಾತು ಅವಳಿಗೆ ಹೊಸದಲ್ಲ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು.

ಒಂದು ಮಧ್ಯಾಹ್ನ ಹುಮನಾಬಾದಿನ ಮೋಟಾರಿನಿಂದ ಇಳಿದು ಮೂವರು ಹುಡುಗರು ಮನೆ ಕೇಳಿಕೊಂಡು ಬಂದರು. ಒಬ್ಬ ಎಣ್ಣೆ ಗಾಣದವನ ಮಗ, ಒಬ್ಬ ದರ್ಜಿಯ ಮಗ, ಇನ್ನೊಬ್ಬ ಕಿರಾಣಿ ಅಂಗಡಿಯವನ ಮಗ. ಕ್ಷಮೆ ಕೇಳಲು ಬಂದಿದ್ದಾರೆ ಎಂದುಕೊಂಡೆ.

“ಅವತ್ತು ನಕ್ಕಿದ್ದಕ್ಕ ಬಂದೀರೇನು?” ಎಂದೆ.

“ಇಲ್ರಿ ಮಾಸ್ತರ್ ಸಾಬ,” ಎಂದ ಗಾಣದವನ ಮಗ. “ನಗು ಬಂತು, ನಕ್ಕೇವ್ರಿ. ಈಗ ಪರೀಕ್ಷಾ ಹತ್ರ ಬರಾಕತ್ತದ. ನೀವು ಯಾವಾಗ ಬರ್ತೀರಿ?”

“ನಾ ಬರೂದಿಲ್ಲ. ಕನ್ನಡ ಬಲ್ಲ ಮಾಸ್ತರು ಬರ್ತಾರ.”

“ಬಂದಾರ್ರಿ. ಅವರಿಗಿ ಕನ್ನಡ ಬರ್ತದ, ಲೆಕ್ಕ ಬರಂಗಿಲ್ಲ!”

ಒಳಗೆ ಹೆಂಡತಿ ನಕ್ಕ ಸದ್ದು ಕೇಳಿಸಿತು. ಎಷ್ಟೋ ತಿಂಗಳಿಂದ ಕೇಳದ ಸದ್ದು.

“ನನಗ ಬರಿಲಾಕ ಬರಂಗಿಲ್ಲಪ್ಪ,” ಎಂದೆ. ಮಕ್ಕಳ ಮುಂದೆ ಅದನ್ನು ಹೇಳುವಾಗ ಕಿವಿ ಬಿಸಿಯಾದವು.

“ಗೊತ್ತಾಗ್ಯಾದ್ರಿ. ಬರಿಯೂದು ನಾವು ಬರೀತೇವು. ನೀವು ಬಾಯಿಲೆ ಹೇಳ್ರಿ, ಸಾಕು.”

ಅವರಿಗೆ ನನ್ನ ಮೇಲೆ ಕರುಣೆ ಇರಲಿಲ್ಲ. ಬೇಕಾಗಿದ್ದದ್ದು ಲೆಕ್ಕ. ಅದೇ ನನ್ನನ್ನು ಎಬ್ಬಿಸಿತು. ಕರುಣೆಯಿಂದ ಬಂದಿದ್ದರೆ ಬಹುಶಃ ನಾನು ಹೋಗುತ್ತಿರಲಿಲ್ಲ.

ಹೀಗೆ ಆ ವರ್ಷ ನಾನು ಹೇಳುವುದು, ಅವರು ಸರದಿಯ ಮೇಲೆ ಬಂದು ಹಲಗೆಯ ಮೇಲೆ ಬರೆಯುವುದು ನಡೆಯಿತು. ಅವರು ಬರೆದದ್ದನ್ನು ನೋಡಿ ನಾನೂ ಅಕ್ಷರ ಕಲಿತೆ. ಹೆಡ್‌ಮಾಸ್ತರರು ಬಾಗಿಲಲ್ಲಿ ಕಾಣಿಸಿದರೆ, “ಹುಡುಗರಿಗೆ ರೂಢಿಯಾಗಲಿ ಅಂತ” ಎಂದು ನಾನು ಸುಳ್ಳು ಹೇಳುತ್ತಿದ್ದೆ, ಹುಡುಗರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವರ ಕಣ್ಣೆದುರು ಸುಳ್ಳಾಡುವುದು ದಿನವೂ ಚುಚ್ಚುತ್ತಿತ್ತು. ಗೋರ್ಟಾದ ಹುಡುಗ ಮಾತ್ರ ಹಲಗೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ವರ್ಷದ ಪರೀಕ್ಷೆ ಮುಗಿಯಿತು. ಅವನ ಉತ್ತರಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ನನ್ನ ಓದೇ ತಪ್ಪಿರಬಹುದೆಂದು ಮತ್ತೆ ಓದಿದೆ. ಲೆಕ್ಕಗಳೇ ತಪ್ಪಿದ್ದವು. ಪಾಸು ಮಾಡಿಬಿಡೋಣ ಎನ್ನಿಸಿತು. ಯಾರು ಕೇಳುತ್ತಾರೆ? ಅಷ್ಟನ್ನಾದರೂ ಅವನಿಗೆ ಕೊಟ್ಟಂತಾದೀತು ಎಂದುಕೊಂಡೆ. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ತಂದೆಯ ಜೀವಕ್ಕೆ ಬದಲು ನಾಲ್ಕು ಮಾರ್ಕು ಕೊಡಲು ಹೊರಟಿದ್ದೆನೆ? ನಾಪಾಸು ಎಂದು ಬರೆದೆ. ಬೇರೆಯವರ ಬಾಯಿಂದ ಅವನು ಕೇಳುವುದು ಬೇಡವೆಂದು, ಫಲಿತಾಂಶ ಹಚ್ಚುವ ಮೊದಲೇ ಅವನನ್ನು ಅಂಗಳದ ಬೇವಿನ ಮರದ ಹತ್ತಿರ ಕರೆದೆ.

“ಲೆಕ್ಕದಾಗ ನೀ ನಾಪಾಸಾಗೀದಿ.”

ಅವನು ನೆಲ ನೋಡುತ್ತ ನಿಂತ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಸುಮ್ಮನೆ ಕೇಳಿಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿದ್ದೆ.

“ನನಗ ಗೊತ್ತಿತ್ರಿ,” ಎಂದ. ಅವನ ದನಿ ಆಗಲೇ ಗಂಡಸಿನ ದನಿಯಾಗಿತ್ತು. ನಾನು ಅದನ್ನು ಕೇಳಿದ್ದೇ ಆಗ. “ಉಳಿದ ಮಾಸ್ತರ್ರು ನನಗ ಸುಮ್ಮನ ಪಾಸ್ ಮಾಡ್ತಾರ. ಅಪ್ಪ ಇಲ್ಲದಾಂವ ಅಂತ. ನೀವು ಮಾಡ್ತೀರೋ ಇಲ್ಲೋ, ನೋಡಬೇಕಾಗಿತ್ತು.”

“ಮಾಡಬೇಕಂತ ಅನ್ನಿಸಿತ್ತು,” ಎಂದೆ. ಇದೊಂದರಲ್ಲಾದರೂ ಸುಳ್ಳು ಹೇಳಬಾರದು ಎನ್ನಿಸಿತು.

ಅವನು ಮೊದಲ ಸಲ ನನ್ನ ಮುಖ ನೋಡಿದ. “ಬರೂ ವರ್ಷ ಮತ್ತ ಇಲ್ಲೇ ಕೂಡ್ತೀನ್ರಿ. ಬೀಜಗಣಿತ ಮೊದಲಿಂದ ಹೇಳ್ರಿ. ನನಗ ಏನೂ ತಿಳಿದಿಲ್ಲ.”

ಹೂಂ ಎಂದೆ. ಅಂದು ಸಂಜೆ ಕಲ್ಯಾಣಿಗೆ ಹೋಗಿ, ಗೋಣಿಚೀಲದಲ್ಲಿ ಉಳಿದಿದ್ದ ಪಾತ್ರೆಗಳನ್ನೂ ತೆಗೆದಿಡಲು ಹೆಂಡತಿಗೆ ಹೇಳಿದೆ. ಈ ನೆಲದಲ್ಲಿ ನನ್ನ ಮಕ್ಕಳು ಬಾಳಬಲ್ಲರು ಎಂಬ ನಂಬಿಕೆ ನನಗೆ ಬಂದದ್ದು ಹಾಗೆ, ನಾನು ನಾಪಾಸು ಮಾಡಿದ ಹುಡುಗನಿಂದ.

ಮರುವರ್ಷ ಅವನು ಬಂದ, ಕಷ್ಟಪಟ್ಟು ಓದಿದ, ಪಾಸಾದ. ಆ ವರ್ಷವೆಲ್ಲ ಬೀಜಗಣಿತದ ಮಾತನ್ನಷ್ಟೇ ಆಡಿದೆವು. ಅವನ ತಂದೆಯ ಬಗ್ಗೆ ನಾನು ಒಂದು ಮಾತೂ ಕೇಳಲಿಲ್ಲ. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಅದನ್ನು ಹೇಗೆ ಶುರು ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ನಾನು ಕೇಳಲೆಂದು ಅವನು ಕಾದಿದ್ದನೋ ಏನೋ.