ಬಾರ್ಲಾ ಆಚ್ಗೆ

ಪಕ್ಕದ ಮನೆ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಅವರೆಕಾಯಿ ಕಾಲದಲ್ಲಿ ಆ ಸೀಳಿನೊಳಗೆ ಹಸಿರು ಕೂತರೆ ಶಿವರಾತ್ರಿಯವರೆಗೂ ಹೋಗುತ್ತಿರಲಿಲ್ಲ. ಹಳೇಕೋಟೆಯವರು, ಹೊಳೆನರಸೀಪುರದಲ್ಲಿ ನಮ್ಮ ಪಕ್ಕದಲ್ಲೇ ಇದ್ದ ತಮ್ಮ ಮಗಳ ಮನೆಯಲ್ಲಿದ್ದರು.

ಆಗ ನನ್ನ ಮಗಳಿಗೆ ಎರಡು ತುಂಬಿ ಮೂರು ಹತ್ತಿರವಾಗಿತ್ತು. ಬಾಯಲ್ಲಿ ಒಂದು ಮಾತಿಲ್ಲ. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಿವಿ ಕೇಳುತ್ತದೋ ಇಲ್ಲವೋ ಎಂದು ಅವಳ ಬೆನ್ನ ಹಿಂದೆ ಬೀಳಿಸಿ ಬೀಳಿಸಿ ಮನೆಯ ತಟ್ಟೆಗಳೆಲ್ಲ ಸೊಟ್ಟಗಾಗಿದ್ದವು. ಹಾಸನದ ಡಾಕ್ಟರು ಪರೀಕ್ಷೆ ಮಾಡಿಸಿ, "ಕಿವಿ ಚೆನ್ನಾಗಿದೆ, ಮಗು ಜೊತೆ ಮಾತಾಡ್ತಾ ಇರಿ" ಅಂದರು. ಸರಿ, ಅಂದಿನಿಂದ ನಾನು ಬಾಯಿ ಮುಚ್ಚಲೇ ಇಲ್ಲ. "ಹಾಲು ಬೇಕಾ ಪುಟ್ಟಿ? ಬೇಕಂತೆ! ಬಿಸಿ ಇದೆಯಾ? ಇಲ್ವಂತೆ!"

ಕಾಂಪೌಂಡಿನಾಚೆ ಅಜ್ಜಿ ನಕ್ಕರು. "ಅಲ್ಲ ಕಣವ್ವ, ನೀನೇ ಕೇಳ್ತೀಯ, ನೀನೇ ಯೋಳ್ತೀಯ. ಮಗೀಗೂ ಒಸಿ ಸಂದು ಬುಡು."

ಮರುದಿನದಿಂದ ನನ್ನ ಮಗಳು ಅಜ್ಜಿಯ ಜಗಲಿಯ ಮೇಲೆ. ನೆನೆಸಿದ ಅವರೆ ಹಿತುಕುವಾಗ ಅಜ್ಜಿ ಕಾಳಿಗೇ ಗದರುತ್ತಿದ್ದರು: "ಬಾರ್ಲಾ ಆಚ್ಗೆ! ಯಾಕ್ಲಾ ಒಳ್ಗೇ ಕುಂತಿದ್ದೀಯ?" ಹಾಗೆಂದು, ಬೆರಳು ಒತ್ತದೆ, ಮಗಳ ಮುಖ ನೋಡುತ್ತ ಸುಮ್ಮನೆ ಕೂತುಬಿಡುವುದು. ಅವಳು ಊಂ ಅಂದರೂ ಸರಿ, ಕಾಲು ಬಡಿದರೂ ಸರಿ, ಆಮೇಲೆಯೇ ಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರುತ್ತಿತ್ತು. ಆ ಮೌನ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಒಂದು ದಿನ ನಡುವೆ ಬಾಯಿ ಹಾಕಲು ಹೋದೆ. ಅಜ್ಜಿ ಸಿಪ್ಪೆ ಮೆತ್ತಿದ ಕೈಯಿಂದಲೇ ನನ್ನ ಬಾಯಿ ಮುಚ್ಚಿದರು.

"ಬಾ" ಎಂದಳು ಮಗಳು.

ಕಾಳು ಹಾರಿತು. "ಬಾ! ಬಾ!" ನನಗೆ ಅಳು ಒತ್ತರಿಸಿ ಬಂತು. "ಅಳೋದು ಆಮ್ಯಾಕೆ, ಬಿದ್ದಿರೋ ಕಾಳ್ ಎತ್ಕೊ" ಅಂದರು ಅಜ್ಜಿ.

ಆ ಬೇಸಿಗೆಯಲ್ಲೇ ಅಜ್ಜಿ ತೀರಿಕೊಂಡರು. ನನಗೆ ಹೊಸ ತಳಮಳ ಹತ್ತಿಕೊಂಡಿತು. ಅಷ್ಟು ಎಳೆಯ ವಯಸ್ಸಿನದು ಯಾರಿಗೂ ನೆನಪುಳಿಯದಂತೆ. ಮಾತು ಬರಿಸಿದವರ ಮುಖವನ್ನೇ ಇವಳು ಮರೆತುಬಿಟ್ಟರೆ? ಫೋಟೋ ತೋರಿಸಿದೆ, ಮತ್ತೆ ಮತ್ತೆ ತೋರಿಸಿದೆ. ಈಗ ಒಂದನೇ ಕ್ಲಾಸು, ಅರಳು ಹುರಿದ ಹಾಗೆ ಮಾತಾಡುತ್ತಾಳೆ. ಮೊನ್ನೆ ಅದೇ ಫೋಟೋ ನೋಡಿ, "ಇವರು ಯಾರೋ ನಂಗೊತ್ತಿಲ್ಲಮ್ಮ, ನೀನು ತೋರಿಸ್ತೀಯ ಅಂತ ನೋಡ್ತೀನಿ" ಅಂದಳು. ಸಿಟ್ಟಿನಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಅವಳ ಮುಂದೆ ಕುಕ್ಕಿದೆ.

ಒಂದು ಕಾಳು ಬೆರಳಲ್ಲಿ ಹಿಡಿದು, "ಬಾರ್ಲಾ ಆಚ್ಗೆ" ಎಂದಳು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಆಮೇಲೆ ಬೆರಳು ಒತ್ತದೆ, ನನ್ನ ಮುಖ ನೋಡುತ್ತ ಸುಮ್ಮನೆ ಕೂತಳು.

ಇದನ್ನು ಯಾರು ಕಲಿಸಿದರೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಊಂ ಅಂದೆ. ಕಾಳು ಹಾರಿತು.